ಮಲೆನಾಡ ಮನೆಗೆ ಹಳೇ ಕಾಲದ ಚೆಲುವು: ಮಳೆಗಾಲ ದಾಟಿಯೂ ಉಳಿಯುವ ಹಾಗೆ ಅಲಂಕರಿಸುವ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿನ ಸುತ್ತ ಹೋಂಸ್ಟೇಗಳು ಜಾಸ್ತಿ ಆದ ಮೇಲೆ ಹಳೇ ಕಾಲದ ಅಲಂಕಾರಕ್ಕೆ ಬೇಡಿಕೆ ಬಂದಿದೆ. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಲಾಟೀನು, ಹಂಡೆ, ಟ್ರಂಕುಗಳೆಲ್ಲ ಹಜಾರಕ್ಕೆ ಇಳಿದಿವೆ. ನೋಡಲು ಖುಷಿ. ಆದರೆ ಇಂಥ ಮನೆಯನ್ನು ಫೆಬ್ರವರಿಯಲ್ಲಿ ನೋಡಿದರೆ ಸಾಲದು, ಆಗಸ್ಟ್‌ನಲ್ಲಿ ನೋಡಬೇಕು. ಕುರ್ಚಿಯ ಬೆನ್ನಿಗೆ ಬೂಷ್ಟು, ಗಾಜಿಗೆ ಅಂಟಿಕೊಂಡ ಫೋಟೋ, ಹಸಿರುಗಟ್ಟಿದ ಹಿತ್ತಾಳೆ, ಮುಗ್ಗಲು ವಾಸನೆಯ ಪರದೆ. ಊರ ಹೊರಗಿನವರು ಬರೆದ ಸಲಹೆಗಳನ್ನು ಹಾಗೇ ಪಾಲಿಸಿದರೆ ಆಗುವುದೇ ಹೀಗೆ.

ಹಾಗಾಗಿ ಇಲ್ಲಿ ಹೇಳಿರುವ ಒಂದೊಂದು ಕೆಲಸಕ್ಕೂ ಒಂದೇ ಪರೀಕ್ಷೆ: ಇದು ನಮ್ಮ ಮಳೆಗಾಲ ತಡೆಯುತ್ತದಾ? ತಡೆಯದಿದ್ದರೆ ಎಷ್ಟು ಚೆನ್ನಾಗಿ ಕಂಡರೂ ಬೇಡ.

ಯಾವಾಗ ಶುರು ಮಾಡಬೇಕು

ಜಿಲ್ಲೆಯ ಒಳಗೇ ಹವೆ ಬೇರೆ ಬೇರೆ. ಕಡೂರಿನ ಕಡೆ ಬಯಲು, ಮಳೆ ಕಡಿಮೆ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗುವುದಿಲ್ಲ. ಹಾಸನದಲ್ಲೂ ಅಷ್ಟೇ, ಅರಸೀಕೆರೆ ಒಣ, ಸಕಲೇಶಪುರ ತೇವ. ಕಡೂರಿನಲ್ಲಿ ಹತ್ತು ವರ್ಷ ಚೆನ್ನಾಗಿರುವ ಪಾಲಿಶ್ ಮೂಡಿಗೆರೆಯಲ್ಲಿ ಎರಡು ಮಳೆಗೇ ಮಂಕಾಗಬಹುದು. ನೀವು ಇರುವುದು ಯಾವ ಕಡೆ ಅನ್ನುವುದರ ಮೇಲೆ ಬಣ್ಣ, ಎಣ್ಣೆ, ಬಟ್ಟೆ ಎಲ್ಲ ನಿರ್ಧಾರ ಆಗುತ್ತದೆ.

ಮರ, ಸುಣ್ಣ, ಗಾರೆ ಇವೆಲ್ಲ ಒಣ ಹವೆಯ ಕೆಲಸಗಳು. ದೀಪಾವಳಿ ಕಳೆದ ಮೇಲೆ ಶುರು ಮಾಡಿ ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮುಂಚೆ ಮುಗಿಸುವುದು ಒಳ್ಳೆಯದು. ತೋಟ ಇದ್ದವರಿಗೆ ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕಾಫಿ ಕುಯ್ಲು, ಪುರುಸೊತ್ತೇ ಇರುವುದಿಲ್ಲ. ಅಂಥವರು ಮರದ ಕೆಲಸವನ್ನು ಫೆಬ್ರವರಿಗೆ ಇಟ್ಟುಕೊಳ್ಳಿ. ರೊಬಸ್ಟಾ ಕುಯ್ಲು ಇನ್ನೂ ತಡ, ಅದು ಇದ್ದವರು ಬಡಗಿಗೆ ಮೊದಲೇ ಹೇಳಿಡಬೇಕು.

ಮೊದಲು ಹಜಾರ ಖಾಲಿ ಮಾಡಿ

ಹೊಸದೇನನ್ನೂ ತರುವ ಮುಂಚೆ ಇರುವುದನ್ನೆಲ್ಲ ಹೊರಗೆ ಹಾಕಿ. ಹಳೇ ತೊಟ್ಟಿ ಮನೆಗೆ ಕಾಲಿಟ್ಟರೆ ಮನಸ್ಸು ಹಗುರ ಆಗುವುದು ಅಲ್ಲಿನ ವಸ್ತುಗಳಿಗಿಂತ ಅಲ್ಲಿನ ಜಾಗದಿಂದ. ಗೋಡೆಗೆ ಒತ್ತಿದ ಒಂದು ಉದ್ದ ಬೆಂಚು, ಒಂದು ಆರಾಮ ಕುರ್ಚಿ, ಮೇಲೆ ಗಡಿಯಾರ, ಗೂಟಕ್ಕೆ ಒಂದು ಟೋಪಿ. ಅಷ್ಟರಲ್ಲೇ ಹಜಾರ ತುಂಬಿದ ಹಾಗೆ ಇರುತ್ತಿತ್ತು. ಈಗ ನಾವು ಅದೇ ನೆಮ್ಮದಿ ಬೇಕು ಅಂತ ಒಂದು ಗೋಡೆಗೆ ಮೂವತ್ತು ವಸ್ತು ತೂಗುಹಾಕುತ್ತೇವೆ.

ಖಾಲಿ ಹಜಾರದಲ್ಲಿ ಒಂದು ದಿನ ಸುಮ್ನೆ ಓಡಾಡಿ. ಬೆಳಕು ಎಲ್ಲಿಂದ ಬರುತ್ತದೆ, ಯಾವ ಗೋಡೆ ತಣ್ಣಗಿದೆ, ಮನೆಯವರು ಎಲ್ಲಿ ಕೂರುತ್ತಾರೆ ನೋಡಿ. ಮಳೆ ಬಡಿಯುವ ಪಡುವಣ ಗೋಡೆಯ ಒಳಮೈಯನ್ನು ಕೈಯಿಂದ ಮುಟ್ಟಿ ನೋಡಿ. ಅಲ್ಲಿ ಬಣ್ಣ ಉಬ್ಬಿದ್ದರೆ, ಬಿಳಿ ಪುಡಿ ಬಂದಿದ್ದರೆ ಆ ಗೋಡೆಗೆ ಕಪಾಟು, ಫೋಟೋ, ಪುಸ್ತಕ ಯಾವುದೂ ಬೇಡ. ಬೆಂಚನ್ನು ಒಂದು ಗೇಣು ಮುಂದಕ್ಕೆ ಎಳೆದು ಇಡಿ, ಸಾಕು.

ಮತ್ತೆ ಒಳಗೆ ತರುವಾಗ ಒಂದು ಮಾತು ನೆನಪಿಡಿ. ಮನೆಯವರು ಮುಟ್ಟುವ, ಕೂರುವ, ಬಳಸುವ ವಸ್ತುವಿಗೆ ಮೊದಲ ಜಾಗ. ಗಡಿಯಾರ ಇದ್ದರೆ ಓಡಬೇಕು. ಬೆಂಚಿನ ಮೇಲೆ ಅಜ್ಜ ನಿಶ್ಚಿಂತೆಯಿಂದ ಕೂರಬೇಕು. ಬಳಕೆಯಲ್ಲಿರುವ ಮರಕ್ಕೆ ಬೂಷ್ಟು ಬೇಗ ಹಿಡಿಯುವುದಿಲ್ಲ, ಕೈ ಬೀಳದ ಮೂಲೆಗೇ ಅದು ಮೊದಲು ಬರುವುದು.

ಗೋಡೆ: ಹಳೇ ಗೋಡೆಗೆ ಸುಣ್ಣವೇ ಸರಿ

ನಿಮ್ಮದು ಮಣ್ಣಿನ ಅಥವಾ ಗಾರೆಯ ಗೋಡೆಯಾಗಿದ್ದರೆ ಪ್ಲಾಸ್ಟಿಕ್ ಪೇಂಟ್ ಬಳಿಯಬೇಡಿ. ಆ ಗೋಡೆ ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಪೇಂಟ್ ಪದರ ಆ ದಾರಿ ಮುಚ್ಚಿಬಿಡುತ್ತದೆ. ನೀರು ಒಳಗೇ ನಿಂತು ಪೇಂಟ್ ಹಪ್ಪಳದ ಹಾಗೆ ಏಳುತ್ತದೆ. ಸುಣ್ಣ ನೀರಿನ ಆವಿಯನ್ನು ಹೊರಗೆ ಬಿಡುತ್ತದೆ, ಜೊತೆಗೆ ಅದರ ಕ್ಷಾರಕ್ಕೆ ಬೂಷ್ಟು ಸುಲಭಕ್ಕೆ ಬೆಳೆಯುವುದಿಲ್ಲ.

ಸುಟ್ಟ ಸುಣ್ಣ ತಂದರೆ ಅರಳಿಸುವಾಗ ಎಚ್ಚರ. ಮೊದಲು ನೀರು, ಆಮೇಲೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡ್ರಮ್ ಇರಲಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿ. ಮಕ್ಕಳು, ನಾಯಿ ಹತ್ತಿರ ಬರದ ಹಾಗೆ ನೋಡಿಕೊಳ್ಳಿ. ಕೆಲವು ದಿನ ನೆನೆಯಲು ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಹಾಲಿನಷ್ಟು ತೆಳು ಮಾಡಿಕೊಳ್ಳಿ. ಬೆಳ್ಳಗೆ ಕಾಣಲು ಚಿಟಿಕೆ ನೀಲಿ. ಗಂಜಿ ಸೇರಿಸುವ ರೂಢಿಯೂ ಇದೆ, ಆದರೆ ತೇವದ ಊರುಗಳಲ್ಲಿ ನಾನು ಬೇಡ ಅನ್ನುತ್ತೇನೆ. ಬೂಷ್ಟಿಗೆ ಅದೇ ಊಟ.

ಬಳಿಯುವ ಮುಂಚೆ ಗೋಡೆಗೆ ನೀರು ಚಿಮುಕಿಸಿ ಒದ್ದೆ ಮಾಡಿ. ಮೊದಲ ಸಲ ಬಳಿದಾಗ ಏನೂ ಬಳಿದೇ ಇಲ್ಲ ಅನ್ನಿಸುತ್ತದೆ, ಗೋಡೆ ಪಾರದರ್ಶಕವಾಗಿ ಕಾಣುತ್ತದೆ. ಗಾಬರಿಯಾಗಿ ದಪ್ಪ ಬಳಿಯಬೇಡಿ. ಒಣಗುತ್ತಾ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬೆಳ್ಳಗಾಗುತ್ತದೆ. ತೆಳುವಾಗಿ ಮೂರು ಸಲ ಬಳಿದರೆ ಪೇಂಟಿಗೆ ಬಾರದ ಒಂದು ಮೃದು ಬಿಳುಪು ಬರುತ್ತದೆ. ಬುಡದಲ್ಲಿ ಒಂದು ಮೊಳ ಎತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿದರೆ ನೆಲ ಒರೆಸುವಾಗ ಸಿಡಿದ ನೀರಿನ ಕಲೆಯೂ ಕಾಣುವುದಿಲ್ಲ.

ಆಗಲೇ ಪ್ಲಾಸ್ಟಿಕ್ ಪೇಂಟ್ ಇರುವ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಮೊದಲು ಪೂರ್ತಿ ಕೆರೆಯಬೇಕು. ಸಿಮೆಂಟ್ ಮನೆಯವರು ಹೊಳಪಿಲ್ಲದ ಪೇಂಟನ್ನೇ, ಹಾಲಿನ ಕೆನೆಯ ಬಣ್ಣದಲ್ಲಿ ಬಳಿದುಕೊಂಡರೆ ಸಾಕು.

ಕೆಂಪು ನೆಲ

ಮನೆಯಲ್ಲಿ ಹಳೇ ರೆಡ್ ಆಕ್ಸೈಡ್ ನೆಲ ಇದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಬಿರುಕು ಇದ್ದರೂ ಪರವಾಗಿಲ್ಲ. ಬಿರುಕಿಗೆ ಆಕ್ಸೈಡ್ ಬೆರೆಸಿದ ಸಿಮೆಂಟ್ ತುಂಬಿಸಿ, ಉಜ್ಜಿಸಿ. ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಕಾಣಲಿ. ಆಸಿಡ್, ಗಡುಸಾದ ಕ್ಲೀನರ್ ಹತ್ತಿರ ತರಬೇಡಿ. ಬರೀ ನೀರಲ್ಲಿ ಒರೆಸಿ, ಬೇಸಿಗೆಯಲ್ಲಿ ಒಣ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ ಹೊಳಪು ತಾನಾಗಿ ಬರುತ್ತದೆ. ಮಳೆಗಾಲದಲ್ಲಿ ಎಣ್ಣೆ ಬೇಡ, ವಯಸ್ಸಾದವರು ಜಾರುತ್ತಾರೆ.

ಹೊಸದಾಗಿ ಹಾಕಿಸುವವರು ಮೇಸ್ತ್ರಿಯನ್ನು ನೋಡಿ ಆರಿಸಿ, ಅವರು ಹಿಂದೆ ಹಾಕಿದ ನೆಲವನ್ನು ಹೋಗಿ ಮುಟ್ಟಿ ನೋಡಿ. ಆಕ್ಸೈಡ್ ಪ್ರಮಾಣ ಸಿಮೆಂಟ್ ತೂಕದ ಶೇ. 10 ಮೀರಬಾರದು, ಜಾಸ್ತಿ ಆದರೆ ಗಟ್ಟಿತನ ಕಡಿಮೆ ಆಗುತ್ತದೆ. ಪುಡಿಯನ್ನು ಒಣ ಸಿಮೆಂಟ್‌ಗೇ ಚೆನ್ನಾಗಿ ಬೆರೆಸಿ ಜರಡಿ ಹಿಡಿಯಬೇಕು. ಒಂದು ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ಬೆರೆಸಿಟ್ಟುಕೊಂಡರೆ ಬಣ್ಣ ಏರುಪೇರು ಆಗುವುದಿಲ್ಲ. ದೊಡ್ಡ ಹಜಾರವನ್ನು ಚೌಕಗಳಾಗಿ ಭಾಗ ಮಾಡಿಸಿ, ಇಲ್ಲದಿದ್ದರೆ ಬಿರುಕು ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ಕನಿಷ್ಠ 7 ದಿನ ನೀರು ಕಟ್ಟಿ. ಅಂಚಿಗೆ ಒಂದು ಕಪ್ಪು ಪಟ್ಟಿ ಹಾಕಿಸಿದರೆ ಬೇರೆ ಕಾರ್ಪೆಟ್ಟೇ ಬೇಡ.

ಮರದ ಸಾಮಾನು

ಸಮಯ, ದುಡ್ಡು ಜಾಸ್ತಿ ಹಾಕಬೇಕಾದದ್ದು ಇಲ್ಲಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಬೀಟೆ, ತೇಗ, ಹಲಸಿನ ಸಾಮಾನು ಸಿಗುತ್ತದೆ. ಬೀಟೆ ಕಪ್ಪು ಗೆರೆಯ ನೇರಳೆ ಕಂದು, ಎತ್ತಿದರೆ ಭಾರ. ತೇಗದಲ್ಲಿ ಒಂದು ಎಣ್ಣೆ ವಾಸನೆ ಇರುತ್ತದೆ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕಂದು. ದಪ್ಪ ಎನಾಮಲ್ ಪೇಂಟಿನ ಕೆಳಗೆ ಯಾವುದು ಇದೆಯೋ ತಿಳಿಯಬೇಕಾದರೆ ಸೀಟಿನ ಅಡಿಭಾಗ ತಿರುಗಿಸಿ ನೋಡಿ, ಅಲ್ಲಿಗೆ ಯಾರೂ ಪೇಂಟ್ ಬಳಿದಿರುವುದಿಲ್ಲ.

ಮೊದಲು ಕುಟ್ಟೆ ಹಿಡಿದಿದೆಯಾ ನೋಡಿ. ಮರದ ಮೇಲೆ ಸಣ್ಣ ತೂತು ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಹುಳ ಯಾವಾಗಲೋ ಬಿಟ್ಟು ಹೋಗಿರಬಹುದು. ಕುರ್ಚಿಯ ಕಾಲುಗಳ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ಅಲುಗಾಡಿಸದೆ ಬಿಡಿ. ಕಾಗದದ ಮೇಲೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಹುಳ ಒಳಗೇ ಇದೆ. ಆ ಸಾಮಾನನ್ನು ಬೇರೆ ಮರದ ಹತ್ತಿರ ಇಡಬೇಡಿ. ಪೇಂಟ್ ತೆಗೆದ ಬರೀ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ಎರಡು ಮೂರು ಸಲ ಬಳಿಯಿರಿ, ತೂತಿಗೆ ಸಿರಿಂಜಿನಲ್ಲಿ ಬಿಡಿ. ಗೆದ್ದಲಿನ ಮಣ್ಣು ಕಂಡರೆ ಸಾಮಾನಿನ ಜೊತೆ ಮನೆಯ ನೆಲವನ್ನೂ ಪರೀಕ್ಷೆ ಮಾಡಿಸಬೇಕು, ಅದು ಮಣ್ಣಿನಿಂದಲೇ ಏರಿ ಬರುವುದು.

ಹಳೇ ಪೇಂಟ್ ತೆಗೆಯುವಾಗ ಒಣ ಮರಳುಕಾಗದ ಹಾಕಿ ಉಜ್ಜಬೇಡಿ. ಹಳೇ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಆ ಧೂಳು ಮಕ್ಕಳ ಮೈಗೆ ಸೇರಬಾರದು. ಪೇಂಟ್ ರಿಮೂವರ್ ಹಚ್ಚಿ ಕೆರೆಯಿರಿ, ಉಳಿದದ್ದನ್ನು ಒದ್ದೆ ಮರಳುಕಾಗದದಲ್ಲಿ ಉಜ್ಜಿ. ಕೆಲಸ ಅಂಗಳದಲ್ಲಿ, ಮಾಸ್ಕ್ ಹಾಕಿಕೊಂಡು. ಬಸಿರಿಯರು, ಮಕ್ಕಳು ಅಲ್ಲಿ ಇರಬಾರದು.

ಈಗ ಹೊಳಪಿನ ವಿಷಯ. ಬಡಗಿಗಳು ಫ್ರೆಂಚ್ ಪಾಲಿಶ್ ಅನ್ನುತ್ತಾರೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವುದು. ಕನ್ನಡಿಯಷ್ಟು ಚೆಂದ, ಆದರೆ ಗಾಳಿಯಲ್ಲಿ ತೇವ ಇದ್ದರೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಕಡೂರು, ಅರಸೀಕೆರೆ ಕಡೆಯವರು ಬೇಸಿಗೆಯಲ್ಲಿ ಧಾರಾಳವಾಗಿ ಮಾಡಿಸಿ. ಮಳೆ ಜಾಸ್ತಿ ಇರುವ ಕಡೆ ನಾನು ಎಣ್ಣೆ ಮತ್ತು ಮೇಣವನ್ನೇ ಹೇಳುತ್ತೇನೆ. ಕಾಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು ಮೇಲೆ ನಿಂತದ್ದನ್ನು ಒರೆಸಿಬಿಡಿ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ, ಹಾಗೇ ಮೂರು ಸಲ. ಹಸಿ ಎಣ್ಣೆ ಬೇಡ, ಒಣಗಲು ತುಂಬ ದಿನ ಹಿಡಿಯುತ್ತದೆ, ಬೂಷ್ಟೂ ಬೇಗ ಬರುತ್ತದೆ. ಕೊನೆಗೆ ಜೇನುಮೇಣ ಉಜ್ಜಿ. ಮುಂದೆ ಮಂಕಾದರೆ ಪೂರ್ತಿ ಕೆರೆಯಬೇಕಿಲ್ಲ, ಮತ್ತೊಮ್ಮೆ ಮೇಣ ಉಜ್ಜಿದರೆ ಆಯಿತು.

ಒಂದು ಎಚ್ಚರಿಕೆಯನ್ನು ಮರೆಯಲೇಬೇಡಿ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅಂಗಳದಲ್ಲಿ ಬಿಡಿಸಿ ಹರಡಿ ಒಣಗಿಸಿ, ಇಲ್ಲ ನೀರಲ್ಲಿ ಮುಳುಗಿಸಿ ಇಡಿ.

ಆರಾಮ ಕುರ್ಚಿಯ ಬೆತ್ತ ಜೋತು ಬಿದ್ದಿದೆ ಅಂತ ಎಷ್ಟೋ ಜನ ಅದನ್ನು ಕಿತ್ತು ಪ್ಲೈವುಡ್ ಹೊಡೆಸುತ್ತಾರೆ. ಬೆತ್ತ ತುಂಡಾಗಿಲ್ಲದಿದ್ದರೆ ಮನೆಯಲ್ಲೇ ಬಿಗಿ ಮಾಡಬಹುದು. ಕುರ್ಚಿಯನ್ನು ಬೋರಲು ಹಾಕಿ. ಟವೆಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಬೆತ್ತದ ಅಡಿಭಾಗಕ್ಕೆ ಹಾಸಿ. ಅರ್ಧ ಗಂಟೆ ಹಾಗೇ ಇರಲಿ. ಮೇಲ್ಭಾಗದಲ್ಲಿ ಪಾಲಿಶ್ ಇರುವುದರಿಂದ ನೀರು ಹೀರುವುದು ಕೆಳಗಿನಿಂದಲೇ. ಬೆತ್ತ ಮೆತ್ತಗಾದ ಮೇಲೆ ಟವೆಲ್ ತೆಗೆದು, ಗಾಳಿಯಾಡುವ ನೆರಳಲ್ಲಿ ಪೂರ್ತಿ ಒಣಗುವವರೆಗೆ ಯಾರೂ ಕೂರಬೇಡಿ. ಒಣಗುತ್ತಾ ಹೆಣಿಗೆ ಸೆಳೆದುಕೊಂಡು ಬಿಗಿಯಾಗುತ್ತದೆ. ಬೆರಳಲ್ಲಿ ತಟ್ಟಿದರೆ ಟಪ್ ಅನ್ನುತ್ತದೆ. ಎಲ್ಲೋ ಎರಡು ಎಳೆ ಹೋಗಿದ್ದರೆ ಬೆತ್ತ ಹೆಣೆಯುವವರಿಂದ ಅಷ್ಟನ್ನೇ ಹೆಣೆಸಿ. ಈ ಕೈಕೆಲಸದವರು ಕಡಿಮೆಯಾಗುತ್ತಿದ್ದಾರೆ, ಕೇಳಿದಷ್ಟು ಕೂಲಿ ಕೊಡಿ, ಚೌಕಾಸಿ ಬೇಡ.

ಹೊಸ ಟೀಪಾಯಿ ಬೇಕಿದ್ದರೆ ಕಾಫಿ ಬೊಡ್ಡೆಯದನ್ನು ನೋಡಿ. ತೋಟದಲ್ಲಿ ಹಳೇ ಗಿಡ ಕಿತ್ತಾಗ ಸಿಗುವ ಬೊಡ್ಡೆಯನ್ನು ತೊಳೆದು, ಒಣಗಿಸಿ, ಮೇಲೆ ದಪ್ಪ ಗಾಜು ಇಟ್ಟು ಮಾಡುತ್ತಾರೆ. ಕಾಫಿ ಮರ ಗಟ್ಟಿ, ಈ ನೆಲದ್ದೇ ವಸ್ತು. ಆದರೆ ಹಜಾರಕ್ಕೆ ಒಂದೇ ಸಾಕು.

ಹಿತ್ತಾಳೆ, ತಾಮ್ರ

ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ, ಚೆನ್ನಾಗಿ ತೊಳೆದು, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ಹುಳಿ ಉಳಿದರೆ ಮರುದಿನವೇ ಹಸಿರು. ಎಲ್ಲವನ್ನೂ ಫಳಫಳ ಮಾಡಬೇಕಿಲ್ಲ. ಸೇರು, ಪಾವು, ಕೊಳಗದಂಥ ಅಳತೆ ಪಾತ್ರೆಗಳ ಮೇಲೆ ಕೂತಿರುವ ಕಂದು ಬಣ್ಣವೇ ಅವುಗಳ ಚೆಲುವು, ಒಣ ಬಟ್ಟೆಯಲ್ಲಿ ಒರೆಸಿ ಬಿಡಿ. ಅಡುಗೆಗೆ ಬಳಸುವುದಾದರೆ ಮಾತ್ರ ಕಲಾಯಿ ಕಡ್ಡಾಯ. ಕಲಾಯಿ ಹೋದ ಹಿತ್ತಾಳೆ, ತಾಮ್ರದಲ್ಲಿ ಸಾರು, ಮಜ್ಜಿಗೆ ಇಡಬೇಡಿ. ಹಂಡೆಯಲ್ಲಿ ಗಿಡ ಬೆಳೆಸುವ ಆಸೆ ಇದ್ದರೆ ತಳಕ್ಕೆ ತೂತು ಹೊಡೆಸದೆ ಕುಂಡವನ್ನೇ ಒಳಗೆ ಇಡಿ. ಮುಂದೆ ಅದರಲ್ಲಿ ನೀರು ಕಾಯಿಸುವವರು ಬರಬಹುದು.

ಬೆಳಕು

ಹೆಂಚಿನ ಮನೆಯವರಿಗೆ ನನ್ನ ಮೊದಲ ಸಲಹೆ ಗಾಜಿನ ಹೆಂಚು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ನಮ್ಮ ಘಟ್ಟದ ಮನೆಗಳಿಗೂ ಏರಿತು. ಅದೇ ಅಚ್ಚಿನ ಗಾಜಿನ ಹೆಂಚುಗಳು ಈಗಲೂ ಸಿಗುತ್ತವೆ. ಕತ್ತಲೆಯ ನಡುಮನೆಯ ಮೇಲೆ ಎರಡು ಹೆಂಚು ಬದಲಿಸಿದರೆ ಸಾಕು, ಕೆಂಪು ನೆಲದ ಮೇಲೆ ಬಿಸಿಲಿನ ಚೌಕ ಬೀಳುತ್ತದೆ. ಮರದ ಸಾಮಾನು, ಫೋಟೋ ಆ ಚೌಕದ ದಾರಿಯಲ್ಲಿ ಇರಬಾರದು, ಬಣ್ಣ ಹೋಗುತ್ತದೆ.

ರಾತ್ರಿಗೆ 2700 ಕೆಲ್ವಿನ್ ಅಂತ ಬರೆದಿರುವ, ಅಂದರೆ ಹಳದಿ ಬೆಳಕಿನ ಎಲ್‌ಇಡಿ ಬಲ್ಬ್ ತನ್ನಿ. ಬಿಳಿ ಟ್ಯೂಬ್‌ಲೈಟಿನ ಕೆಳಗೆ ಬೀಟೆ ಮರವೂ ಬೂದಿ ಬಣ್ಣಕ್ಕೆ ಕಾಣುತ್ತದೆ. ಮಧ್ಯದಲ್ಲಿ ಒಂದು ದೊಡ್ಡ ದೀಪದ ಬದಲು ಕೂರುವ ಜಾಗಕ್ಕೊಂದು ಸಣ್ಣ ದೀಪ ಇಡಿ. ಓದುವ, ಅಡುಗೆ ಮಾಡುವ ಕಡೆ ಮಾತ್ರ ಪ್ರಖರ ಬೆಳಕು ಇರಲೇಬೇಕು.

ಕಪ್ಪು ಬೇಕಲೈಟ್ ಸ್ವಿಚ್ಚುಗಳು ಚೆಂದ, ನಿಜ. ಆದರೆ ಹಳೇ ವೈರಿಂಗ್ ಉಳಿಸಬೇಡಿ. ಬಟ್ಟೆ ಸುತ್ತಿದ ಹಳೇ ವೈರು ತೇವದಲ್ಲಿ ಅಪಾಯ. ಪೂರ್ತಿ ಹೊಸ ವೈರಿಂಗ್, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್‌ಗೆ ಟ್ರಿಪ್ ಆಗುವ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿದ ಮೇಲೆಯೇ ಹಳೇ ನಮೂನೆಯ ಹೊಸ ಸ್ವಿಚ್ಚುಗಳ ಮಾತು.

ಬಟ್ಟೆ, ಫೋಟೋ

ಪರದೆಗೆ ಅಮ್ಮನ, ಅಜ್ಜಿಯ ಹಳೇ ಕಾಟನ್ ಸೀರೆಗಿಂತ ಒಳ್ಳೆಯದು ಇಲ್ಲ. ತೆಳು, ಬೇಗ ಒಣಗುತ್ತದೆ. ವೆಲ್ವೆಟ್, ದಪ್ಪ ಸ್ಪಂಜಿನ ಸೋಫಾ ಘಟ್ಟದ ಹವೆಗೆ ಆಗಿಬರುವುದಿಲ್ಲ. ಬೆಂಚಿನ ಮೇಲೆ ಕಂಬಳಿ ಮಡಿಸಿ ಹಾಕಿ, ತಿಂಗಳಿಗೊಮ್ಮೆ ಬಿಸಿಲು ಕಂಡಾಗ ಹೊರಗೆ ಹರಡಿ. ಟ್ರಂಕಿನಲ್ಲಿ ಬಟ್ಟೆಯ ಮಧ್ಯೆ ಲಾವಂಚದ ಬೇರು ಇಟ್ಟರೆ ಮುಗ್ಗಲು ವಾಸನೆ ಕಡಿಮೆ.

ಹಿರಿಯರ ಫೋಟೋಗಳಲ್ಲಿ ಮೂಲ ಪ್ರತಿಯನ್ನು ಗೋಡೆಗೆ ಹಾಕಬೇಡಿ. ಸ್ಕ್ಯಾನ್ ಮಾಡಿಸಿ, ಮ್ಯಾಟ್ ಕಾಗದದ ಪ್ರತಿಗೆ ಹಳೇ ಫ್ರೇಮ್ ಹಾಕಿಸಿ. ಗಾಜಿಗೂ ಫೋಟೋಗೂ ನಡುವೆ ರಟ್ಟಿನ ಅಂಚು ಇರಲಿ, ಅಂಟುವುದಿಲ್ಲ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ಬಿಲ್ಲೆ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ.

ಎಲ್ಲಿ ತರಬೇಕು, ಏನು ತರಬಾರದು

ಮೊದಲು ಸ್ವಂತ ಮನೆಯ ಅಟ್ಟ, ಕೊಟ್ಟಿಗೆ, ಆಮೇಲೆ ನೆಂಟರ ಮನೆ. ಚಿಕ್ಕಪ್ಪನ ಮನೆಯಲ್ಲಿ ಮೂಲೆ ಸೇರಿದ ತೊಟ್ಟಿಲನ್ನು ಸುಮ್ನೆ ಎತ್ತಿಕೊಂಡು ಬರಬೇಡಿ, ಕೇಳಿ, ಯಾರದ್ದು ಅಂತ ತಿಳಿದುಕೊಂಡು ತನ್ನಿ. ಗುಜರಿ ಅಂಗಡಿಯವರಿಗೆ ನಿಮಗೆ ಬೇಕಾದ್ದನ್ನು ಹೇಳಿಟ್ಟರೆ ಬಂದಾಗ ಫೋನ್ ಮಾಡುತ್ತಾರೆ. ಹಳೇ ಮನೆ ಬಿಚ್ಚುವ ಕಡೆ ಬಾಗಿಲು, ಕಿಟಕಿ, ಕಂಬ ಸಿಗುತ್ತವೆ. ಬೀಟೆ, ತೇಗದ ತೊಲೆಗಳನ್ನು ಗಾಡಿಗೆ ಹೇರುವ ಮುಂಚೆ ಅರಣ್ಯ ಇಲಾಖೆಯ ರಹದಾರಿ ಬೇಕೇ ಅಂತ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಹಳೇ ವಿಗ್ರಹ, ವೀರಗಲ್ಲು, ದೇವಸ್ಥಾನದ ಕಂಬದ ತುಂಡು ಯಾರು ಎಷ್ಟಕ್ಕೆ ಕೊಟ್ಟರೂ ತರಬೇಡಿ. ಬೇಲೂರು, ಹಳೇಬೀಡು ಇರುವ ಸೀಮೆ ಇದು, ಹೊಲದ ಬದುವಿನಲ್ಲೂ ಕೆತ್ತನೆಯ ಕಲ್ಲು ಸಿಗುತ್ತದೆ. ನೂರು ವರ್ಷ ದಾಟಿದ ಶಿಲ್ಪಗಳು 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ನೋಂದಣಿ ಇಲ್ಲದೆ ಇಟ್ಟುಕೊಳ್ಳುವುದು, ಪರವಾನಗಿ ಇಲ್ಲದೆ ಮಾರುವುದು ಅಪರಾಧ. ಕಾನೂನು ಬಿಟ್ಟರೂ ಊರಿಗಾಗಿ ಸತ್ತವನ ಕಲ್ಲು ಊರಲ್ಲೇ ಇರಬೇಕು, ಅಲ್ವಾ?

ಕಾಡಿನಿಂದ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಕಿತ್ತು ತಂದು ಜಗಲಿಯಲ್ಲಿ ತೂಗುಹಾಕುವುದೂ ಬೇಡ. ಜಗಲಿಗೆ ಜರಿ ಗಿಡ (ಫರ್ನ್), ಅಂಗಳಕ್ಕೆ ಡೇರೆ ಹೂವಿನ ಗಿಡ ಸಾಕು. ಡೇರೆ ಗಡ್ಡೆಯನ್ನು ಪಕ್ಕದ ಮನೆಯವರೇ ಕೊಡುತ್ತಾರೆ.

ಬಾಡಿಗೆ ಮನೆಯಲ್ಲಿ, ಹೊಸ ಬಡಾವಣೆಯ ಮನೆಯಲ್ಲಿ ಇರುವವರು ಗೋಡೆ, ನೆಲದ ತಂಟೆಗೆ ಹೋಗದೆ ನಾಲ್ಕು ವಸ್ತುವಿನಲ್ಲಿ ಮುಗಿಸಬಹುದು: ಒಂದು ಒಳ್ಳೆಯ ಬೆತ್ತದ ಕುರ್ಚಿ, ಹಳದಿ ಬೆಳಕಿನ ದೀಪ, ಸೀರೆಯ ಪರದೆ, ದಿನವೂ ಬಳಸುವ ಹಿತ್ತಾಳೆ ಕಾಫಿ ಫಿಲ್ಟರ್.

ಮಳೆ ಹಿಡಿದ ಮೇಲೆ

ಮೇ ಕೊನೆಗೆ ಹೆಂಚು ಕೈಯಾಡಿಸಿ, ಒಡೆದದ್ದು ಬದಲಿಸಿ. ಸಾಮಾನುಗಳನ್ನೆಲ್ಲ ಗೋಡೆಯಿಂದ ನಾಲ್ಕು ಬೆರಳು ದೂರ ಎಳೆಯಿರಿ. ಕಪಾಟಿನ ಬಾಗಿಲು ಹಗಲು ಸ್ವಲ್ಪ ತೆರೆದಿರಲಿ. ಮರದ ಮೇಲೆ ಬೂಷ್ಟು ಕಂಡರೆ ಒಣ ಬಟ್ಟೆಯಲ್ಲಿ ಕೊಡವಬೇಡಿ, ಮನೆಯೆಲ್ಲ ಹರಡುತ್ತದೆ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು, ಆ ಸಾಮಾನನ್ನು ಫ್ಯಾನಿನ ಕೆಳಗೆ ಒಣಗಿಸಿ. ಅಕ್ಟೋಬರ್‌ನಲ್ಲಿ ಬಿಸಿಲು ಗಟ್ಟಿಯಾದ ಮೇಲೆ ಎಲ್ಲವನ್ನೂ ಜಗಲಿಗೆ ತಂದು, ನೇರ ಬಿಸಿಲಿಗೆ ಒಡ್ಡದೆ ಗಾಳಿಗೆ ಬಿಟ್ಟು, ಮೇಣ ಉಜ್ಜಿ ಒಳಗೆ ಸೇರಿಸಿ.